ಧಾರಾಗೃಹವೂ ಲಾವಂಚದ ತಟ್ಟಿಯೂ

೧

ಬೇಸಿಗೆಯಲ್ಲಿ ಮನೆಯೊಳಗೆ ನುಗ್ಗುವ ಒಣಗಾಳಿಗೆ ನೀರಿನ ತೇವವನ್ನು ಕೂಡಿಸಿ ಅದನ್ನು ದೇಹಕ್ಕೆ ಹಿತವಾಗುವಂತೆ ಮಾಡಿಕೊಳ್ಳುವ ಕ್ರಮವು ಭರತಖಂಡದಲ್ಲಿ ವಿದ್ಯುಚ್ಛಕ್ತಿಯು ಬರುವುದಕ್ಕೆ ಬಹುಕಾಲ ಮುಂಚಿನಿಂದಲೂ ರೂಢಿಯಲ್ಲಿದ್ದಿತು. ಬಾಗಿಲಿಗೆ ಲಾವಂಚದ ಬೇರಿನ ತಟ್ಟಿಯನ್ನು ಕಟ್ಟಿ ಅದರ ಮೇಲೆ ನೀರನ್ನು ಎರಚುವುದು ಈ ಕ್ರಮಗಳಲ್ಲೆಲ್ಲಾ ಹೆಚ್ಚು ಪ್ರಸಿದ್ಧವಾದುದು. ಇದರ ಮೂಲವನ್ನು ಕುರಿತು ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಮೊಗಲ ಚಕ್ರವರ್ತಿಗಳ ಕಾಲದಲ್ಲಿಯೇ ಇದು ಹುಟ್ಟಿತು, ಅದಕ್ಕೆ ಮೊದಲು ಈ ದೇಶದವರು ಇದನ್ನು ಅರಿಯರು ಎಂಬುದು ಒಂದು. ಸಂಸ್ಕೃತಗ್ರಂಥಗಳಲ್ಲಿ ಧಾರಾಗೃಹ, ಹಿಮಗೃಹ, ಉಶೀರ ಮೊದಲಾದ ಶಬ್ದಗಳು ಹೇರಳವಾಗಿರುವುದರಿಂದ ಸರ್ವವೂ ಪ್ರಾಚೀನವೇ, ಹೊರಗಿನಿಂದ ಯಾವುದೂ ಬಂದುದಲ್ಲ ಎಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಗ್ರಂಥಗಳ ಒಟ್ಟು ಧ್ವನಿಯನ್ನು ಕೇಳಿ ಹೊರಟವೇ ಹೊರತು, ಯಾವ ಗ್ರಂಥವು ಯಾವ ಸ್ಥಳದಲ್ಲಿ ಎಷ್ಟನ್ನು ಹೇಳುತ್ತದೆಂಬುದನ್ನು ಅಳೆದು ನಿಂತವುಗಳಲ್ಲ. ಅಂಥ ಅಳತೆಯನ್ನು ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ವಿಚಾರಕ್ಕೆ ಮೊದಲು ವಿಷಯವಿಭಾಗವನ್ನು ಮಾಡಿಕೊಳ್ಳುವುದು ಅವಶ್ಯಕ. ಗಾಳಿಗೆ ತೇವವನ್ನು ಕೊಡುವ ಕ್ರಮಗಳು ನಾಲ್ಕು ಬಗೆಯವು: ನೆಲಕ್ಕೂ ಗೋಡೆಗೂ ನೀರನ್ನು ಚಿಮುಕಿಸುವುದು, ಬೀಸಣಿಗೆಯನ್ನು ಒದ್ದೆ ಮಾಡಿ ಬೀಸುವುದು, ನೀರನ್ನು ಸಣ್ಣ ಸಣ್ಣ ಧಾರೆಗಳಾಗಿ ಒಡೆದು ಗಾಳಿಯಲ್ಲಿ ಹರಡುವುದು, ಗಾಳಿ ಬರುವ ದಾರಿಯಲ್ಲಿಯೇ ಒದ್ದೆಯಾದ ತೆರೆಯನ್ನು ಹಿಡಿಯುವುದು. ನಾಲ್ಕರಲ್ಲಿಯೂ ನಡೆಯುವ ಕ್ರಿಯೆಯು ಒಂದೇ. ನೀರು ಆವಿಯಾಗುತ್ತದೆ, ಆಗ ಅದು ಸುತ್ತಣ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿಯು ಒಮ್ಮೆಗೇ ತಣ್ಣಗೂ ತೇವವಾಗಿಯೂ ಆಗುತ್ತದೆ. ಸುಮಾರು ೩೦ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ೧ ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕಿಲೋ ಕೆಲೊರಿಗಳಷ್ಟು ಉಷ್ಣವು ಬೇಕು. ೪೦ ಡಿಗ್ರಿಗೆ ಕಾದು ಶೇಕಡಾ ೨೦ರಷ್ಟು ಮಾತ್ರ ಆರ್ದ್ರತೆಯುಳ್ಳ ಸುಮಾರು ೨೦೦ ಘನ ಮೀಟರ್ ಗಾಳಿಯಲ್ಲಿ ಈ ಒಂದು ಲೀಟರ್ ನೀರು ಆವಿಯಾದರೆ, ಆ ಗಾಳಿಯು ಸುಮಾರು ೩೦ ಡಿಗ್ರಿಗೆ ಇಳಿದು ಆರ್ದ್ರತೆಯು ಶೇಕಡಾ ೫೦ರ ಸಮೀಪಕ್ಕೆ ಏರುವುದು. ಒಂದು ಬಿಂದಿಗೆಯ ಅಲ್ಪಾಂಶದಷ್ಟು ನೀರಿನಿಂದ ಒಂದು ದೊಡ್ಡ ಹಜಾರದ ಗಾಳಿಯು ಇಷ್ಟು ಬದಲಾಗುವುದೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹಿಂದಿನವರು ಇದಕ್ಕಾಗಿ ಪಟ್ಟ ಪ್ರಯಾಸವು ವ್ಯರ್ಥವಲ್ಲವೆಂದು ತಿಳಿಯುತ್ತದೆ.

೨

ಈ ವಿಷಯದಲ್ಲಿ ಮೊದಲು ಪ್ರಮಾಣವಾಗತಕ್ಕವು ವೈದ್ಯಗ್ರಂಥಗಳು. ಕವಿಗಳು ಸೌಖ್ಯವನ್ನು ವರ್ಣಿಸುವರು. ವೈದ್ಯರಾದರೋ ಕಾರಣವನ್ನೂ ಹೇಳುವರು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯದಲ್ಲಿ ಸಂವತ್ಸರವನ್ನು ಆದಾನಕಾಲ, ವಿಸರ್ಗಕಾಲ ಎಂದು ಎರಡಾಗಿ ವಿಭಾಗಿಸಿದೆ. ಶಿಶಿರ, ವಸಂತ, ಗ್ರೀಷ್ಮ ಈ ಮೂರು ಋತುಗಳು ಆದಾನಕಾಲ. ಆದಾನವೆಂದರೆ ತೆಗೆದುಕೊಳ್ಳುವುದು. ಆ ಕಾಲದಲ್ಲಿ ಸೂರ್ಯನೂ ತೀಕ್ಷ್ಣವಾದ ಒಣಗಾಳಿಯೂ ಜಗತ್ತಿನ ಸ್ನೇಹಾಂಶವನ್ನು, ಎಂದರೆ ಜಿಡ್ಡನ್ನೂ ತೇವವನ್ನೂ, ಹೀರಿಕೊಳ್ಳುತ್ತವೆ. ರೂಕ್ಷತೆಯು ಋತುವಿನಿಂದ ಋತುವಿಗೆ ಹೆಚ್ಚುತ್ತಾ ಗ್ರೀಷ್ಮದಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಮನುಷ್ಯನ ಬಲವು ಅದೇ ಕ್ರಮದಲ್ಲಿ ಕುಗ್ಗುತ್ತದೆ ಎಂಬುದು ಅಲ್ಲಿಯ ಸಿದ್ಧಾಂತ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ವೈದ್ಯನು ಗ್ರೀಷ್ಮದ ದೋಷವೆಂದು ಎಣಿಸಿದುದು ಬಿಸಿಯನ್ನು ಮಾತ್ರವಲ್ಲ. ಬಿಸಿಯೊಡನೆ ಬರುವ ಒಣಗುವಿಕೆಯನ್ನು. ಆದುದರಿಂದಲೇ ಆ ಋತುವಿನಲ್ಲಿ ಆತನು ವಿಧಿಸುವ ಅನ್ನಪಾನಗಳು ಶೀತವಾದರೆ ಸಾಲದು, ದ್ರವವೂ ಸ್ನಿಗ್ಧವೂ ಆಗಿರಬೇಕು. ಹಗಲಿನಲ್ಲಿ ಶೀತಗೃಹದಲ್ಲಿ ಮಲಗುವುದು, ಇರುಳಿನಲ್ಲಿ ಬೆಳುದಿಂಗಳಿಂದ ತಂಪಾದ ಉಪ್ಪರಿಗೆಯ ಮೇಲೆ ಮಲಗುವುದು, ಗಂಧೋದಕದಿಂದ ತಣಿಸಿದ ಬೀಸಣಿಗೆಗಳ ಗಾಳಿಯನ್ನು ಸೇವಿಸುವುದು ಇವೆಲ್ಲವೂ ಆ ಅಧ್ಯಾಯದಲ್ಲಿಯೇ ಉಕ್ತವಾಗಿವೆ. ಬೀಸಣಿಗೆಯನ್ನು ನೀರಿನಿಂದ ತಣಿಸುವುದೆಂದರೆ ಮೇಲೆ ಹೇಳಿದ ಎರಡನೆಯ ಕ್ರಮವೇ ಆಯಿತು.

ಸುಮಾರು ಕ್ರಿ. ಶ. ೭ನೆಯ ಶತಮಾನದ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಈ ವಿಷಯವು ಮತ್ತಷ್ಟು ವಿಸ್ತಾರವಾಗಿದೆ. ಸೂತ್ರಸ್ಥಾನದ ಮೂರನೆಯದಾದ ಋತುಚರ್ಯಾಧ್ಯಾಯದಲ್ಲಿ ಗ್ರೀಷ್ಮದ ನಡುಹಗಲನ್ನು ಕಳೆಯಲು ಎರಡು ಬಗೆಯ ಆಶ್ರಯಗಳನ್ನು ಆತನು ಹೇಳುತ್ತಾನೆ. ಮೊದಲನೆಯದು ಕಾಯಮಾನ, ಎಂದರೆ ಹುಲ್ಲು ಸೊಪ್ಪುಗಳಿಂದ ಕಟ್ಟಿದ ಮಂಟಪ. ಅದರಲ್ಲಿ ತೂಗಿಬಿಟ್ಟಿರುವ ಪಟಾಲಿಕೆಗಳಿಗೆ, ಎಂದರೆ ಬಟ್ಟೆಯ ತೆರೆಗಳಿಗೆ, ಸುಗಂಧವುಳ್ಳ ತಣ್ಣೀರನ್ನು ಎರೆಯುತ್ತಿರಬೇಕು. ಎರಡನೆಯದು ಧಾರಾಗೃಹ, ಅಲ್ಲಿ ಲೇಪ್ಯದಿಂದ ಮಾಡಿದ ಸ್ತ್ರೀಪ್ರತಿಮೆಗಳ ಕೈ ಬಾಯಿ ಮೊದಲಾದ ಅಂಗಗಳಿಂದ ಉಶೀರದ ನೀರು ಚಿಮ್ಮುತ್ತಿರಬೇಕು. ಇವುಗಳೊಡನೆ ನೀರಿನಲ್ಲಿ ನೆನೆಸಿದ ತಾಲವೃಂತಗಳು, ತಾವರೆಯ ಎಲೆಯ ದೊಡ್ಡ ಬೀಸಣಿಗೆಗಳು ಇವೂ ಆ ಪಟ್ಟಿಯಲ್ಲಿ ಸೇರಿವೆ. ಒದ್ದೆಯ ತೆರೆಯು ಒಂದು ಕಡೆ, ಉಶೀರದ ನೀರು ಇನ್ನೊಂದು ಕಡೆ ಇರುವುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲವೂ ಇದನ್ನು ಅವಲಂಬಿಸಿದೆ.

ಇದೇ ಅಧ್ಯಾಯದಲ್ಲಿ ಇನ್ನೊಂದು ವಿಧಿಯೂ ಇದೆ. ಗ್ರೀಷ್ಮದಲ್ಲಿ ಧಾರಾಗೃಹವನ್ನು ಹೊಗಬೇಕೆಂದ ಆಚಾರ್ಯನೇ, ವರ್ಷಾಋತುವು ಬಂದೊಡನೆ ಆವಿಯೂ ಚಳಿಯೂ ತುಂತುರೂ ಇಲ್ಲದ ಮೇಲುಪ್ಪರಿಗೆಯಲ್ಲಿ ವಾಸಿಸಬೇಕೆಂದು ವಿಧಿಸುತ್ತಾನೆ. ಒಂದು ಋತುವಿನ ಔಷಧವು ಮತ್ತೊಂದು ಋತುವಿನ ಅಪಥ್ಯ. ತೇವವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಗಾಳಿಯಲ್ಲಿ ಅದರ ಕೊರತೆಯಿದ್ದಾಗ ಮಾತ್ರ ಕೂಡಿಸತಕ್ಕದ್ದು ಎಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಈ ತತ್ತ್ವವನ್ನು ಕವಿಗಳ ವರ್ಣನೆಗಳಿಂದ ಎಷ್ಟು ಶೋಧಿಸಿದರೂ ತೆಗೆಯಲು ಬಾರದು.

೩

ಕಾವ್ಯಗಳ ಸಾಕ್ಷ್ಯವು ಬೇರೆ ವಿಧವಾದುದು. ಇದ್ದ ವಸ್ತುವಿನ ಹೆಸರನ್ನೂ ಅದು ಯಾರ ಭೋಗಕ್ಕೆ ಸೇರಿದ್ದೆಂಬುದನ್ನೂ ಅವು ತಿಳಿಸುತ್ತವೆ. ಮಾಡುವ ಬಗೆಯನ್ನು ತಿಳಿಸುವುದಿಲ್ಲ. ಭಾಸನ ಸ್ವಪ್ನವಾಸವದತ್ತದ ಐದನೆಯ ಅಂಕದಲ್ಲಿಯೂ, ಕಾಳಿದಾಸನ ಮಾಲವಿಕಾಗ್ನಿಮಿತ್ರದ ನಾಲ್ಕನೆಯ ಅಂಕದಲ್ಲಿಯೂ ಸಮುದ್ರಗೃಹವೆಂಬ ಕಟ್ಟಡವು ಕಥೆಯ ಮುಖ್ಯಸ್ಥಾನವಾಗಿದೆ. ಋತುಸಂಹಾರದ ಗ್ರೀಷ್ಮವರ್ಣನೆಯ ಆರಂಭದಲ್ಲಿಯೇ ಜಲಯಂತ್ರಮಂದಿರದ ಹೆಸರು ಬರುತ್ತದೆ. ಮೇಘದೂತದಲ್ಲಿ ಕೈಲಾಸದ ದೇವಸ್ತ್ರೀಯರು ತಮ್ಮ ಬಳೆಗಳ ಮೊನೆಯಿಂದ ಮೇಘವನ್ನು ತಿವಿದು ನೀರು ಸುರಿಸಿ ಅದನ್ನೇ ಯಂತ್ರಧಾರಾಗೃಹವನ್ನಾಗಿ ಮಾಡಿಕೊಳ್ಳುವರೆಂಬ ಚಮತ್ಕಾರವಿದೆ. ವಸ್ತುವು ಓದುವವರಿಗೆ ಪರಿಚಿತವಾಗಿಲ್ಲದಿದ್ದರೆ ಇಂಥ ಚಮತ್ಕಾರವು ರುಚಿಸದು. ಆದಕಾರಣ ಆ ಕಾಲದ ನಗರಗಳಲ್ಲಿ ಧಾರಾಗೃಹವು ನಿಜವಾಗಿಯೂ ಇದ್ದಿತೆಂದು ಊಹಿಸಬಹುದು. ರಘುವಂಶದ ಹದಿನಾರನೆಯ ಸರ್ಗದಲ್ಲಿ ಕುಶನ ಕಾಲದ ಬೇಸಿಗೆಯನ್ನು ವರ್ಣಿಸುವಾಗ ಯಂತ್ರದ ನೀರು ಸುತ್ತ ಹರಿಯುವ, ಚಂದನರಸದಿಂದ ತೊಳೆದ ಶಿಲಾತಲಗಳ ಮೇಲೆ ಮಲಗಿ ಧಾರಾಗೃಹಗಳಲ್ಲಿ ಬಿಸಿಲನ್ನು ಕಳೆದವರು ಸಿರಿವಂತರೆಂದು ಕವಿಯು ವಿಶೇಷವಾಗಿ ಹೇಳಿದ್ದಾನೆ. ಈ ವಿಶೇಷಣವು ವೃಥಾ ಪದವಲ್ಲ; ಚರಿತ್ರಕಾರನಿಗೆ ಇಡೀ ಶ್ಲೋಕಕ್ಕಿಂತಲೂ ಇದೊಂದು ಮಾತು ಹೆಚ್ಚು ಬೆಲೆಯುಳ್ಳದ್ದು.

ಉಶೀರವಾದರೋ ಕಾವ್ಯಗಳಲ್ಲಿ ಹೆಚ್ಚಾಗಿ ಲೇಪನದ ರೂಪದಲ್ಲಿ ಬರುತ್ತದೆ. ಶಾಕುಂತಲದ ಮೂರನೆಯ ಅಂಕದಲ್ಲಿ ತಾಪಗೊಂಡ ಶಕುಂತಲೆಗಾಗಿ ಸಿದ್ಧವಾಗುವುದು ಉಶೀರದ ಅನುಲೇಪನ. ೭ನೆಯ ಶತಮಾನದಲ್ಲಿ ಬಾಣನು ಕಾದಂಬರಿಯಲ್ಲಿ ವರ್ಣಿಸಿರುವ ಹಿಮಗೃಹವು ಇಂಥ ವರ್ಣನೆಗಳಲ್ಲೆಲ್ಲಾ ಅತ್ಯಂತ ವಿಸ್ತಾರವಾದುದು. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಕನ್ನಡಿಗರಿಗೂ ಆ ಕಥೆಯು ಚಿರಪರಿಚಿತವಾಗಿದೆ. ಆದರೆ ಬಾಣನ ಹಿಮಗೃಹದಲ್ಲಿ ಕಲ್ಪನೆಯೆಷ್ಟು, ವಾಸ್ತವವೆಷ್ಟು ಎಂಬುದನ್ನು ವಿಂಗಡಿಸುವುದು ಅಸಾಧ್ಯ. ಅದನ್ನು ಆಧಾರವಾಗಿಟ್ಟುಕೊಂಡು ಪ್ರಾಚೀನರ ಯಂತ್ರಜ್ಞಾನವನ್ನು ಅಳೆಯಹೊರಡುವವರು ಕಾವ್ಯಕ್ಕೂ ಶಾಸ್ತ್ರಕ್ಕೂ ಇರುವ ಅಂತರವನ್ನು ಮರೆತವರಾಗುತ್ತಾರೆ.

೪

ಯಂತ್ರದ ವಿಚಾರವನ್ನು ಶಾಸ್ತ್ರರೂಪದಲ್ಲಿ ಹೇಳಿರುವ ಗ್ರಂಥವು ೧೧ನೆಯ ಶತಮಾನದ ಭೋಜರಾಜನ ಸಮರಾಂಗಣಸೂತ್ರಧಾರ. ಸ್ವಪ್ನವಾಸವದತ್ತವನ್ನು ೧೯೧೨ರಲ್ಲಿ ಬೆಳಕಿಗೆ ತಂದ ತಿರುವನಂತಪುರದ ತ. ಗಣಪತಿಶಾಸ್ತ್ರಿಗಳೇ ಇದನ್ನೂ ಸಂಶೋಧಿಸಿದರು. ಇದು ಬರೋಡೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯಲ್ಲಿ ೧೯೨೪-೨೫ರಲ್ಲಿ ಅಚ್ಚಾಯಿತು. ಇದರ ಮೂವತ್ತೊಂದನೆಯ ಅಧ್ಯಾಯವೇ ಯಂತ್ರವಿಧಾನ. ನೀರು ಮೇಲಿನಿಂದ ಬೀಳುವುದು, ಕೆಳಗಿನಿಂದ ಮೇಲಕ್ಕೆ ಏರುವುದು ಇವೇ ಮೊದಲಾದ ಭೇದಗಳಿಂದ ವಾರಿಯಂತ್ರಗಳು ನಾಲ್ಕು ಬಗೆಯೆಂದು ಅಲ್ಲಿ ಹೇಳಿದೆ. ಅನಂತರ ಧಾರಾಗೃಹ, ಪ್ರವರ್ಷಣ, ಪ್ರಣಾಲ, ಜಲಮಗ್ನ, ನಂದ್ಯಾವರ್ತ ಎಂಬ ಐದು ವಾರಿಗೃಹಗಳ ಲಕ್ಷಣವಿದೆ. ಪ್ರವರ್ಷಣದಲ್ಲಿ ಕೃತ್ರಿಮವಾದ ಮೇಘಗಳಿಂದ ಮಳೆ ಸುರಿಯುತ್ತದೆ. ಜಲಮಗ್ನವು ಕೊಳದ ನೀರಿನ ಕೆಳಗೆ ಕಟ್ಟಿದ ಮನೆ. ಅದಕ್ಕೆ ಪ್ರವೇಶವು ಸುರಂಗದಿಂದ. ಧಾರೆಯು ಚಿಮ್ಮಬೇಕಾದರೆ ನೀರನ್ನು ಮೊದಲು ಎತ್ತರಕ್ಕೆ ಏರಿಸಿಟ್ಟಿರಬೇಕಷ್ಟೆ. ಈ ಏರಿಸುವ ಕೆಲಸಕ್ಕೆ ಆಳುಗಳೆಷ್ಟು, ಎತ್ತುಗಳೆಷ್ಟು ಎಂಬ ಲೆಕ್ಕವು ಅಲ್ಲಿಲ್ಲ. ಯಂತ್ರಗಳ ಘಟನೆಯನ್ನು ಪೂರ್ಣವಾಗಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪನಾರ್ಥವಾಗಿ ಎಂದು ಗ್ರಂಥಕಾರನೇ ಸ್ಪಷ್ಟಪಡಿಸಿದ್ದಾನೆ. ಗುಟ್ಟಾಗಿ ಉಳಿದ ವಿದ್ಯೆಯು ಅರಮನೆಯ ಗೋಡೆಯನ್ನು ದಾಟಿ ಊರಿಗೆ ಬರಲಾರದು. ಅರಮನೆಯು ಬಿದ್ದಾಗ ತಾನೂ ಅದರೊಡನೆ ಬೀಳುವುದು.

ಕರ್ಣಾಟಕದಲ್ಲಿ ಈ ಜಾತಿಯ ಕಟ್ಟಡಗಳ ಪ್ರತ್ಯಕ್ಷ ಅವಶೇಷವನ್ನು ನೋಡಬೇಕಾದರೆ ವಿಜಯಪುರದ ಪೂರ್ವಕ್ಕೆ ಸುಮಾರು ೧೬ ಕಿಲೋಮೀಟರ್ ದೂರದಲ್ಲಿರುವ ಕುಮಟಗಿಗೆ ಹೋಗಬೇಕು. ಆದಿಲ್‌ಶಾಹಿ ಅರಸರು ವಿಹಾರಕ್ಕಾಗಿ ಅಲ್ಲಿ ಕೆರೆಯ ಬಳಿ ಜಲಮಂಟಪಗಳನ್ನು ಕಟ್ಟಿಸಿದರು. ನೀರನ್ನು ಎತ್ತರದ ಗೋಪುರಗಳ ತೊಟ್ಟಿಗಳಿಗೆ ಏರಿಸಿ, ಅಲ್ಲಿಂದ ಕೊಳವೆಗಳ ಮೂಲಕ ಮಂಟಪಗಳ ಛಾವಣಿಗೆ ತಂದು, ಸಣ್ಣ ರಂಧ್ರಗಳಿಂದ ತುಂತುರಾಗಿ ಬೀಳಿಸುವ ಏರ್ಪಾಡು ಅಲ್ಲಿದ್ದಿತು. ಭೋಜನ ಗ್ರಂಥಕ್ಕೂ ಕುಮಟಗಿಯ ಶಿಲ್ಪಿಗಳಿಗೂ ಸಾಕ್ಷಾತ್ ಸಂಬಂಧವಿತ್ತೆಂದು ಹೇಳಲು ಆಧಾರವಿಲ್ಲ. ಆದರೂ ಒಣನಾಡಿನ ಅರಸರಿಗೆ ಒಂದೇ ಬಗೆಯ ಬಯಕೆಯೂ ಅದಕ್ಕೆ ಒಂದೇ ಬಗೆಯ ಪರಿಹಾರವೂ ತೋರಿದುದು ಆಶ್ಚರ್ಯವಲ್ಲ. ಗುಣದಂತೆಯೇ ದೋಷವೂ ಸಮಾನ. ನೀರು ಸಮೃದ್ಧವಾಗಿರುವಲ್ಲಿ, ಅದನ್ನು ಏರಿಸುವ ಶಕ್ತಿಯಿರುವಲ್ಲಿ ಮಾತ್ರ ಧಾರಾಗೃಹವು ಸಾಧ್ಯ. ಒಣನಾಡಿನಲ್ಲಿ ಅತ್ಯಂತ ದುರ್ಲಭವಾದುದು ಆ ನೀರೇ.

೫

ಇನ್ನು ಲಾವಂಚದ ವಿಚಾರ. ವೀರಣವೆಂಬ ಹುಲ್ಲಿನ ಬೇರೇ ಉಶೀರವೆಂದು ಅಮರಸಿಂಹನು ಹೇಳಿ ಅಭಯ, ನಲದ, ಸೇವ್ಯ, ಅಮೃಣಾಲ, ಜಲಾಶಯ, ಲಾಮಜ್ಜಕ, ಲಘುಲಯ, ಅವದಾಹ ಮೊದಲಾದ ಪರ್ಯಾಯಗಳನ್ನು ಕೊಟ್ಟಿದ್ದಾನೆ. ಲಾಮಜ್ಜವೇ ಕನ್ನಡದಲ್ಲಿ ಲಾಮಂಚ, ಲಾವಂಚ ಎಂದಾಯಿತು. ಮುಡಿವಾಳವೆಂಬುದೂ ಇದರದೇ ಹೆಸರು. ಬೇರು ನಾರುನಾರಾಗಿಯೂ ಸುರುಳಿಯಾಗಿಯೂ ಇರುವುದರಿಂದ ಒತ್ತಾಗಿ ಹೆಣೆದರೂ ಗಾಳಿಗೆ ದಾರಿ ಬಿಡುತ್ತದೆ. ಎರೆದ ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನೆನೆದಾಗ ಪರಿಮಳವನ್ನು ಬಿಡುತ್ತದೆ. ತಟ್ಟಿಯೆಂಬ ಶಬ್ದವು ಬಿದಿರು ಮುಂತಾದವುಗಳ ಹೆಣಿಗೆಯ ಮರೆಯೆಂಬ ಅರ್ಥದಲ್ಲಿ ಕನ್ನಡಕ್ಕೂ ಅದರ ನೆರೆಯ ಭಾಷೆಗಳಿಗೂ ಹಳೆಯ ಪರಿಚಯದ ಶಬ್ದ. ಹಿಂದಿಯ ಟಟ್ಟಿಯೂ ಅದೇ ಅರ್ಥದ್ದು.

ಲಾವಂಚವನ್ನೇ ಹೆಣೆದು ಮನೆಯ ಮರೆಯಾಗಿ ಮಾಡಿ ನೀರೆರೆಯುವ ಕ್ರಮವು ನಿಸ್ಸಂದೇಹವಾಗಿ ಕಂಡುಬರುವುದು ಅಬುಲ್ ಫಜಲನ ಐನ್-ಇ-ಅಕ್ಬರಿಯಲ್ಲಿ. ಅಕ್ಬರನು (೧೫೫೬-೧೬೦೫) ಖಸ್ ಎಂಬ ಪರಿಮಳದ ಬೇರಿನಿಂದ ಮನೆಗಳನ್ನು ಹೆಣೆಯಿಸಿದನೆಂದೂ, ಅವುಗಳ ಮೇಲೆ ನೀರನ್ನು ಎರಚಿದರೆ ಬೇಸಿಗೆಯ ನಡುವೆ ಚಳಿಗಾಲವೇ ಮೂಡುವುದೆಂದೂ, ಇದು ಚಕ್ರವರ್ತಿಯ ಆಜ್ಞೆಯಿಂದ ಬಳಕೆಗೆ ಬಂದಿತೆಂಬ ಭಾವದಲ್ಲಿ ಆತನು ಬರೆದಿದ್ದಾನೆ. ಆಸ್ಥಾನದ ಲೇಖಕನು ಒಡೆಯನಿಗೆ ಕೀರ್ತಿಯನ್ನು ಸಲ್ಲಿಸುವುದು ಸಹಜ. ಆದುದರಿಂದ ಆ ಮಾತನ್ನು ಅಕ್ಷರಶಃ ಗ್ರಹಿಸಬೇಕಾದ ಅಗತ್ಯವಿಲ್ಲ. ಹಾಗೆಂದು ಅದನ್ನು ಪೂರ್ತಿಯಾಗಿ ತಳ್ಳಿಹಾಕುವುದೂ ನ್ಯಾಯವಲ್ಲ. ಏಕೆಂದರೆ ಮೇಲೆ ಉದಾಹರಿಸಿದ ವೈದ್ಯ, ಕಾವ್ಯ, ಶಿಲ್ಪಗ್ರಂಥಗಳ ಸ್ಥಳಗಳಲ್ಲಿ ಉಶೀರವು ನೀರಿಗೆ ಪರಿಮಳವನ್ನು ಕೊಡುವ ದ್ರವ್ಯವಾಗಿ, ಲೇಪನವಾಗಿ ಬರುತ್ತದೆಯೇ ಹೊರತು, ಗಾಳಿಯ ದಾರಿಯಲ್ಲಿ ನಿಲ್ಲಿಸಿದ ತೆರೆಯಾಗಿ ಬರುವುದಿಲ್ಲ. ತೆರೆಯಾಗಿ ಬರುವುದು ಬಟ್ಟೆ.

ಒದ್ದೆಯ ಬಟ್ಟೆಯ ತೆರೆಯಾದರೋ ಭರತಖಂಡಕ್ಕೆ ಮಾತ್ರ ಸೇರಿದುದಲ್ಲ. ಬಾಗ್ದಾದ್ ನಗರವನ್ನು ಕಟ್ಟಿಸಿದ ಖಲೀಫ ಅಲ್-ಮನ್ಸೂರನ (೭೫೪-೭೭೫) ಕಾಲದಲ್ಲಿ ಖೈಶ್ ಎಂಬ ಒರಟು ನಾರುಬಟ್ಟೆಯನ್ನು ನೀರಿನಲ್ಲಿ ನೆನೆಸಿ ಕೋಣೆಗಳನ್ನು ತಣಿಸುವ ಪದ್ಧತಿಯು ಬಂದಿತೆಂದು ಅರಬ್ಬಿ ಚರಿತ್ರಕಾರರು ಬರೆದಿದ್ದಾರೆ. ಅದಕ್ಕೆ ಮೊದಲು ಪಾರಸಿಕದ ಅರಸರು ಬೇಸಿಗೆಯಲ್ಲಿ ಕೋಣೆಯ ಗೋಡೆಗಳಿಗೆ ಹಸಿ ಮಣ್ಣನ್ನು ಮೆತ್ತಿಸಿಕೊಳ್ಳುತ್ತಿದ್ದರೆಂದೂ ಅವರೇ ಹೇಳುತ್ತಾರೆ. ವಾಗ್ಭಟನ ಪಟಾಲಿಕೆಯೂ ಮನ್ಸೂರನ ಖೈಶೂ ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಬೇಕಾದ ಕಾರಣವಿಲ್ಲ. ಒಗೆದು ಹರವಿದ ಬಟ್ಟೆಯ ಬಳಿ ಗಾಳಿಯು ತಣ್ಣಗಾಗುವುದನ್ನು ಯಾವ ದೇಶದ ಅಗಸನೂ ಅರಿಯದಿರಲಾರನು.

ಹೀಗಿರಲು ನಿರ್ಣಯವು ಇದು. ಒದ್ದೆಯ ತೆರೆಯು ಪ್ರಾಚೀನ, ಉಶೀರಜಲವೂ ಪ್ರಾಚೀನ, ಇವೆರಡೂ ವಾಗ್ಭಟನ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕದಲ್ಲಿದ್ದವು. ಬಟ್ಟೆಯ ಸ್ಥಾನದಲ್ಲಿ ಉಶೀರವನ್ನೇ ನಿಲ್ಲಿಸಿ ಎರಡನ್ನೂ ಒಂದುಗೂಡಿಸಿದ ರೂಪವು ಸ್ಫುಟವಾಗಿ ಕಾಣುವುದು ಅಕ್ಬರನ ಕಾಲದಲ್ಲಿ. ಸಾಮಗ್ರಿಯು ಹಳೆಯದು, ಸಂಯೋಗವು ಹೊಸದು. ಮೊದಲನೆಯ ಪಕ್ಷದವರು ಸಾಮಗ್ರಿಯನ್ನು ಕಾಣದೆ ಹೋದರು. ಎರಡನೆಯ ಪಕ್ಷದವರು ಸಂಯೋಗವನ್ನು ಸಾಮಗ್ರಿಯಲ್ಲಿಯೇ ಕಂಡಂತೆ ಭ್ರಮಿಸಿದರು.

ಈ ಸಂಯೋಗದ ಫಲವು ಅಲ್ಪವಾದುದಲ್ಲ. ಧಾರಾಗೃಹಕ್ಕೆ ಎತ್ತರದ ತೊಟ್ಟಿ, ಕೊಳವೆ, ಯಂತ್ರ, ಹೊಳೆಯಂತೆ ಹರಿಯುವ ನೀರು ಬೇಕು. ತಟ್ಟಿಗಾದರೆ ಒಂದು ಬಾಗಿಲು, ಒಂದು ಹೊರೆ ಬೇರು, ಕೆಲವು ಕೊಡ ನೀರು ಸಾಕು. ಯಂತ್ರದ ಕೆಲಸವನ್ನು ಇಲ್ಲಿ ಬಿಸಿಗಾಳಿಯೇ ಮಾಡುತ್ತದೆ. ಪಶ್ಚಿಮದಿಂದ ಬೀಸುವ ಬಿಸಿಗಾಳಿಯು ಹೆಚ್ಚು ಒಣಗಿದಷ್ಟೂ, ಹೆಚ್ಚು ವೇಗವಾದಷ್ಟೂ ತಟ್ಟಿಯು ಹೆಚ್ಚು ತಂಪನ್ನು ಕೊಡುವುದು. ಶತ್ರುವಿನ ಬಲವೇ ತನ್ನ ಬಲವಾಗುವ ಇಂಥ ಉಪಾಯವು ಅಪೂರ್ವ. ಅರಮನೆಯ ವಿದ್ಯೆಯು ಊರಿನ ಮನೆಗೆ ಇಳಿದುದು ಈ ಮಾರ್ಗದಿಂದ.

೬

ಆದರೂ ತಟ್ಟಿಯು ತಾನಾಗಿ ನೆನೆಯುವುದಿಲ್ಲ. ೧೬೬೩ರಲ್ಲಿ ದಿಲ್ಲಿಯನ್ನು ಕುರಿತು ಪತ್ರ ಬರೆದ ಫ್ರಾನ್ಸ್ ದೇಶದ ವೈದ್ಯ ಫ್ರಾನ್ಸ್ವಾ ಬರ್ನಿಯೆ ಅಲ್ಲಿಯ ಉಳ್ಳವರ ಮನೆಗಳಲ್ಲಿದ್ದ ಖಸ್‌ಖಾನೆಗಳನ್ನು ವರ್ಣಿಸುತ್ತಾನೆ. ಹೂದೋಟದ ನಡುವೆ, ನೀರಿನ ಕೊಳಕ್ಕೆ ಹತ್ತಿರವಾಗಿ ಅವುಗಳನ್ನು ಕಟ್ಟುತ್ತಿದ್ದರು. ಸೇವಕರು ತೊಗಲಿನ ಚೀಲಗಳಲ್ಲಿ ನೀರನ್ನು ತಂದು ಹೊರಗಿನಿಂದ ಸುಲಭವಾಗಿ ಎರೆಯಬೇಕೆಂಬುದೇ ಆ ಸ್ಥಳನಿಯಮದ ಕಾರಣವೆಂದು ಆತನ ವಿವರಣೆ. ಕವಿಗಳೂ ಶಿಲ್ಪಶಾಸ್ತ್ರಕಾರರೂ ಬಿಟ್ಟುಬಿಟ್ಟ ಸಂಗತಿಯು ಹೊರದೇಶದವನ ಕಣ್ಣಿಗೆ ಬಿದ್ದಿತು. ಒಳಗೆ ಮಲಗಿದವನಿಗೆ ಚಳಿಗಾಲ. ಹೊರಗೆ ಚೀಲವನ್ನು ಹೊತ್ತು ನಿಂತವನಿಗೆ ಗ್ರೀಷ್ಮದ ನಡುಹಗಲು.

ಐರೋಪ್ಯರು ಈ ದೇಶದಲ್ಲಿ ನೆಲೆಸಿದ ಮೇಲೆ ತಟ್ಟಿಯ ಬಳಕೆಯು ಅವರ ಬಂಗಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಹರಡಿತು. ತಟ್ಟಿಗೆ ಒಂದು ದೌರ್ಬಲ್ಯವುಂಟು: ಗಾಳಿಯು ನಿಂತರೆ ಅದೂ ನಿಷ್ಫಲ. ಇದನ್ನು ಪರಿಹರಿಸಲು ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಥರ್ಮಾಂಟಿಡೋಟ್ ಎಂಬ ಸಾಧನವು ಬಂದಿತು. ಕಾಳನ್ನು ತೂರುವ ಯಂತ್ರದಂತೆ ರೆಕ್ಕೆಗಳುಳ್ಳ ಚಕ್ರವನ್ನು ಒಂದು ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗೆ ಒದ್ದೆಯ ತಟ್ಟಿಗಳನ್ನು ಹೊದಿಸಿ, ಕಿಟಕಿಗೆ ಜೋಡಿಸುತ್ತಿದ್ದರು. ಆಳು ಹಿಡಿಯನ್ನು ತಿರುಗಿಸಿದರೆ ತೇವದ ಗಾಳಿಯು ಒಳಗೆ ನುಗ್ಗುವುದು. ಉತ್ತರಹಿಂದೂಸ್ಥಾನದಲ್ಲಿ ವಾಸವಾಗಿದ್ದ ಫ್ಯಾನಿ ಪಾರ್ಕ್ಸ್ ಎಂಬ ಆಂಗ್ಲ ಮಹಿಳೆಯು ೧೮೩೧ರ ಬೇಸಿಗೆಯ ಸಂದರ್ಭದಲ್ಲಿ ಇದರ ಹೆಸರನ್ನು ಹೇಳಿದ್ದಾಳೆ. ಈಗ ಮನೆಗಳಲ್ಲಿರುವ ವಿದ್ಯುತ್ ಕೂಲರ್ ಕೆಲಸಮಾಡುವುದೂ ಈ ಪೆಟ್ಟಿಗೆಯ ತತ್ತ್ವದಿಂದಲೇ. ತಿರುಗಿಸುವ ಕೈಯ ಸ್ಥಾನದಲ್ಲಿ ಒಂದು ಮೋಟಾರು, ನೀರೆರೆಯುವ ಕೈಯ ಸ್ಥಾನದಲ್ಲಿ ಇನ್ನೊಂದು ಮೋಟಾರು ಬಂದಿವೆ. ಉಳಿದುದೆಲ್ಲಾ ಹಾಗೆಯೇ ಇದೆ.

ಇದರಿಂದ ಒಂದು ತಪ್ಪು ತಿಳಿವಳಿಕೆಯು ನಿವಾರಣೆಯಾಗಬೇಕು. ವಿದ್ಯುತ್ತಿಲ್ಲದ ಕಾಲದಲ್ಲಿ ಈ ಸೌಖ್ಯವು ವ್ಯಯವಿಲ್ಲದೆ ದೊರೆಯುತ್ತಿತ್ತೆಂದು ಕೆಲವರು ಭಾವಿಸುವರು. ವ್ಯಯವಿದ್ದಿತು, ಅದು ಮನುಷ್ಯನ ತೋಳಿನದಾಗಿದ್ದಿತು. ನೀರು ಹೊರುವವನನ್ನು ಉತ್ತರದೇಶದಲ್ಲಿ ಭಿಶ್ತಿ ಎನ್ನುವರು. ಪಾರಸಿ ಭಾಷೆಯಲ್ಲಿ ಸ್ವರ್ಗಕ್ಕೆ ಬಿಹಿಶ್ತ್ ಎಂದು ಹೆಸರು, ಬಿಹಿಶ್ತಿಯೆಂದರೆ ಸ್ವರ್ಗದವನು. ಕನ್ನಡನಾಡಿನ ಉತ್ತರಭಾಗದಲ್ಲಿ ಆ ತೊಗಲಿನ ಚೀಲಕ್ಕೆ ಪಖಾಲಿಯೆಂದು ಹೆಸರು. ಬಾಯಾರಿದವನು ಕೃತಜ್ಞತೆಯಿಂದ ಕೊಟ್ಟ ಆ ಉತ್ತಮವಾದ ಬಿರುದಿನ ಹೊರತಾಗಿ, ಈ ಚರಿತ್ರೆಯಲ್ಲಿ ನೀರು ಹೊತ್ತವನ ಗುರುತು ಬಹು ಸ್ವಲ್ಪವೇ ಉಳಿದಿದೆ.

೭

ತೇವದ ಗಾಳಿಯು ಭೋಗಕ್ಕೆ ಮಾತ್ರವಲ್ಲ, ಕೆಲಸಕ್ಕೂ ಬೇಕಾಗಿದ್ದಿತು. ಹತ್ತಿಯ ಎಳೆಯು ಒಣಗಾಳಿಯಲ್ಲಿ ಪೆಡಸಾಗಿ ಹರಿಯುತ್ತದೆ. ತೇವದ ಗಾಳಿಯಲ್ಲಿ ಮೆತ್ತಗಾಗಿ ಬಳುಕುತ್ತದೆ. ಢಾಕಾ ನಗರದ ಪ್ರಸಿದ್ಧವಾದ ಮಸ್ಲಿನ್ ವಸ್ತ್ರಕ್ಕೆ ಅತಿ ಸೂಕ್ಷ್ಮವಾದ ನೂಲನ್ನು ತೆಗೆಯುತ್ತಿದ್ದ ಸ್ತ್ರೀಯರು ಬಿಸಿಲೇರುವ ಮೊದಲು, ಇಬ್ಬನಿಯ ತೇವವಿರುವ ಬೆಳಗಿನ ಹೊತ್ತಿನಲ್ಲಿ ನೂಲುತ್ತಿದ್ದರು. ಗಾಳಿಯು ತೀರ ಒಣಗಿರುವ ದಿನಗಳಲ್ಲಿ ನೀರು ತುಂಬಿದ ಅಗಲವಾದ ತಳದ ಪಾತ್ರೆಯನ್ನು ಇಟ್ಟು, ಅದರ ಮೇಲುಗಡೆಯಲ್ಲಿಯೇ ಕದಿರನ್ನು ತಿರುಗಿಸುತ್ತಿದ್ದರೆಂದೂ, ಅದರಿಂದೇಳುವ ಆವಿಯು ಎಳೆಗೆ ಬೇಕಾದ ತೇವವನ್ನು ಕೊಡುತ್ತಿತ್ತೆಂದೂ ೧೯ನೆಯ ಶತಮಾನದಲ್ಲಿ ಢಾಕಾದಲ್ಲಿದ್ದ ವೈದ್ಯ ಜೇಮ್ಸ್ ಟೇಲರ್ ಬರೆದಿಟ್ಟಿದ್ದಾನೆ.

ಈ ಪಾತ್ರೆಯು ಧಾರಾಗೃಹದ ಮುಂದೆ ಅತ್ಯಲ್ಪವಾದುದು. ಆದರೆ ಅದರಲ್ಲಿರುವ ವಿವೇಕವು ಅಲ್ಪವಲ್ಲ. ಇಡೀ ಮನೆಯ ಗಾಳಿಯನ್ನು ತೇವಗೊಳಿಸುವ ಶಕ್ತಿಯು ಆ ಬಡಹೆಂಗಸಿಗಿಲ್ಲ; ಅದರ ಅಗತ್ಯವೂ ಆಕೆಗಿಲ್ಲ. ಎಳೆಯು ಹುಟ್ಟುವ ಒಂದು ಗೇಣು ಸ್ಥಳದ ಗಾಳಿಯನ್ನು ಮಾತ್ರ ಆಕೆಯು ತಿದ್ದಿಕೊಂಡಳು. ಎಷ್ಟು ಬೇಕೋ ಅಷ್ಟು, ಎಲ್ಲಿ ಬೇಕೋ ಅಲ್ಲಿ ಎಂಬ ಮಿತವು ವೈದ್ಯರ ಮಾತ್ರೆಯ ತತ್ತ್ವಕ್ಕೆ ಅರಸರ ಜಲಮಂದಿರಗಳಿಗಿಂತಲೂ ಹತ್ತಿರವಾಗಿದೆ.

೮

ಕಡೆಯದಾಗಿ ದೇಶವಿಚಾರ. ಚರಕನು ಕಲ್ಪಸ್ಥಾನದ ಮೊದಲ ಅಧ್ಯಾಯದಲ್ಲಿ ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಭಾಗಿಸಿದ್ದಾನೆ. ಮರಗಳು ವಿರಳವಾಗಿ ಗಾಳಿಯು ಒಣಗಿರುವುದು ಜಾಂಗಲ; ನೀರೂ ತೇವವೂ ತುಂಬಿರುವುದು ಆನೂಪ. ಇದು ವೈದ್ಯರ ಕಲ್ಪನೆ ಮಾತ್ರವಲ್ಲ. ಮೈಸೂರಿನ ರು. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಬಳಿ ಒಂದು ಅರತ್ನಿ ಬಾಯುಳ್ಳ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂಬ ವಿಧಿಯಿದೆ. ಜಾಂಗಲದೇಶಕ್ಕೆ ೧೬ ದ್ರೋಣ, ಆನೂಪದೇಶಕ್ಕೆ ಅದರ ಒಂದೂವರೆಯಷ್ಟು ಮಳೆಯೆಂಬ ಅಳತೆಯೂ ಇದೆ. ದೇಶದ ತೇವವನ್ನು ಸಂಖ್ಯೆಯಿಂದ ಹೇಳುವ ಅಭ್ಯಾಸವು ರಾಜ್ಯಶಾಸ್ತ್ರದಲ್ಲಿಯೂ ಇದ್ದಿತೆಂಬುದಕ್ಕೆ ಇದು ಸಾಕ್ಷಿ.

ಈ ದೇಶವಿಭಾಗವನ್ನು ಮರೆತು ತಟ್ಟಿಯನ್ನು ಕಟ್ಟಿದರೆ ಫಲವಿಲ್ಲ. ಉಷ್ಣಮಾಪಕದ ಬುರುಡೆಗೆ ಒದ್ದೆಯ ಬಟ್ಟೆಯನ್ನು ಸುತ್ತಿ ಗಾಳಿಯಲ್ಲಿ ಹಿಡಿದರೆ ಅದು ಯಾವ ಮಟ್ಟಕ್ಕೆ ಇಳಿಯುವುದೋ, ಅದಕ್ಕಿಂತ ಕೆಳಗೆ ಗಾಳಿಯನ್ನು ಇಳಿಸುವುದು ಯಾವ ತಟ್ಟಿಗೂ ಯಾವ ಧಾರೆಗೂ ಸಾಧ್ಯವಿಲ್ಲ. ೪೦ ಡಿಗ್ರಿ ಶಾಖ, ಶೇಕಡಾ ೨೦ ಆರ್ದ್ರತೆಯುಳ್ಳ ಒಣನಾಡಿನ ಗಾಳಿಯಲ್ಲಿ ಆ ಮಟ್ಟವು ಸುಮಾರು ೨೩ ಡಿಗ್ರಿ. ಹದಿನೇಳು ಡಿಗ್ರಿಗಳ ಅವಕಾಶವುಂಟು. ೩೩ ಡಿಗ್ರಿ ಶಾಖ, ಶೇಕಡಾ ೭೫ ಆರ್ದ್ರತೆಯುಳ್ಳ ಕರಾವಳಿಯ ಗಾಳಿಯಲ್ಲಿ ಅದು ಸುಮಾರು ೨೯ ಡಿಗ್ರಿ; ಅವಕಾಶವು ನಾಲ್ಕೇ ಡಿಗ್ರಿ. ಅಲ್ಲಿ ತೇವವನ್ನು ಕೂಡಿಸಿದರೆ ಬೆವರು ಆರದೆ ಸಂಕಟವೇ ಹೆಚ್ಚುವುದು. ಆದುದರಿಂದ ಕಲಬುರಗಿ, ವಿಜಯಪುರ, ರಾಯಚೂರುಗಳ ಚೈತ್ರವೈಶಾಖಗಳಲ್ಲಿ ಯಾವುದು ಔಷಧವೋ ಅದು ಮಂಗಳೂರು, ಕಾರವಾರಗಳಲ್ಲಿ ವ್ಯಾಧಿಗೆ ಸಹಾಯವಾಗುವುದು. ಒಣನಾಡಿನಲ್ಲಿಯೂ ಕೋಣೆಗೆ ಗಾಳಿಯು ಹೊರಹೋಗುವ ದಾರಿಯಿರಬೇಕು. ಇಲ್ಲವಾದರೆ ಒಳಗಿನ ಗಾಳಿಯು ತೇವದಿಂದ ತುಂಬಿ ಕೆಲಸವು ನಿಂತುಹೋಗುವುದು. ಮುಂಗಾರು ಕಾಲಿಟ್ಟ ದಿನ ತಟ್ಟಿಯನ್ನು ಕಳಚಿ ಒಣಗಿಸಿಡತಕ್ಕದ್ದು. ಧಾರಾಗೃಹದಿಂದ ಉಪ್ಪರಿಗೆಗೆ ಏರಬೇಕೆಂದು ವಾಗ್ಭಟನು ವಿಧಿಸಿದುದರ ತಾತ್ಪರ್ಯವೂ ಇದೇ.

ಒಟ್ಟಿನಲ್ಲಿ ಈ ಚರಿತ್ರೆಯಿಂದ ಸಿದ್ಧಿಸುವ ಅರ್ಥವಿಷ್ಟು. ತೇವದ ಗುಣದೋಷಗಳನ್ನು ಕಾಲದೇಶಗಳೊಡನೆ ವಿವೇಚಿಸಿದವರು ವೈದ್ಯರು. ಅದನ್ನು ಯಂತ್ರದಿಂದ ಸಾಧಿಸಿ ಗುಟ್ಟಾಗಿಟ್ಟವರು ಅರಮನೆಯ ಶಿಲ್ಪಿಗಳು. ಅಲ್ಪ ನೀರಿನಿಂದ ಬಹುಜನರಿಗೆ ಒದಗುವಂತೆ ಮಾಡಿದುದು ಲಾವಂಚದ ತಟ್ಟಿ. ಅದನ್ನು ನಡಸಿದುದು ಹೆಸರಿಲ್ಲದ ತೋಳುಗಳು. ಇವುಗಳಲ್ಲಿ ಯಾವ ಒಂದನ್ನು ಬಿಟ್ಟರೂ ಚರಿತ್ರೆಯು ಅಪೂರ್ಣ. ಮೂಲವು ನಮ್ಮದೋ ಪರರದೋ ಎಂಬ ವಾದಕ್ಕಿಂತ, ಒಣನಾಡಿನಲ್ಲಿ ಬೇಸಿಗೆಯು ವರ್ಷವರ್ಷಕ್ಕೆ ಕಠಿನವಾಗುತ್ತಿರುವ ಈ ದಿನಗಳಲ್ಲಿ, ಒಂದು ಬಾಗಿಲು, ಒಂದು ತಟ್ಟಿ, ಒಂದು ಕೊಡ ನೀರು ಇವುಗಳ ಯುಕ್ತಿಯನ್ನು ಕಾಲದೇಶಗಳನ್ನರಿತು ಉಳಿಸಿಕೊಳ್ಳುವುದೇ ಹೆಚ್ಚು ಪ್ರಯೋಜನಕರವಾದುದು.